ಸೈನಿಕನ ತೂಕವೂ ತ್ರಾಣವೂ

ದನದ ಜಾತ್ರೆಗೆ ಹೋದ ರೈತ ಎತ್ತನ್ನು ಹೇಗೆ ಆರಿಸಿಕೊಳ್ಳುತ್ತಾನೆ? ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ. ಹೆಗಲ ಮೇಲೆ ಕೈ ಆಡಿಸುತ್ತಾನೆ. ಹತ್ತು ಹೆಜ್ಜೆ ನಡೆಸಿ ನಡಿಗೆ ನೋಡುತ್ತಾನೆ. ಅಷ್ಟಾದರೂ ಅನುಮಾನ ಉಳಿದರೆ ಗಾಡಿಗೆ ಹೂಡಿ ಎಳೆಸಿ ನೋಡುತ್ತಾನೆ. ಇಷ್ಟು ಕಿಲೋ ತೂಗುತ್ತದೆ, ಆದ್ದರಿಂದ ಇದು ಒಳ್ಳೆಯ ಉಳುಮೆಯ ಎತ್ತು ಎಂದು ತಕ್ಕಡಿಯನ್ನು ನಂಬಿ ಕೊಂಡವರನ್ನು ನಾವು ಕಂಡಿಲ್ಲ. ಕೊಬ್ಬಿದ ಎತ್ತು ಬೇರೆ, ಕಸುವುಳ್ಳ ಎತ್ತು ಬೇರೆ ಎಂಬುದು ರೈತನಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ನಮ್ಮ ನಾಡಿನ ಅಮೃತಮಹಲ್ ತಳಿ ಸೈನ್ಯದ ಕೆಲಸದಲ್ಲಿಯೇ ಹೆಸರು ಪಡೆದ ತಳಿ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಫಿರಂಗಿಗಳನ್ನೂ ಸಾಮಾನು ಸರಂಜಾಮುಗಳನ್ನೂ ಎಳೆದದ್ದು ಈ ಎತ್ತುಗಳೇ. ಇವುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನಗಳಲ್ಲಿ 100 ಮೈಲಿ ದಾರಿ ಸಾಗಿ ಚಿದಂಬರವನ್ನು ತಲಪಿತೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಅಮೃತಮಹಲ್ ಎತ್ತಿನದು ಬಿಗಿಯಾದ, ನರಗಟ್ಟಿನ ಮೈ. ಅದಕ್ಕೆ ಕೀರ್ತಿ ಬಂದದ್ದು ನಡಿಗೆಯಿಂದ ಮತ್ತು ತಾಳಿಕೆಯಿಂದ, ತೂಕದಿಂದಲ್ಲ.

ಎತ್ತಿನ ವಿಷಯದಲ್ಲಿ ಮಾತು ಇಷ್ಟು ಸ್ಪಷ್ಟ. ಸೈನಿಕನ ವಿಷಯದಲ್ಲಿ ಮಾತ್ರ ಸೈನ್ಯದವರು ಒಂದು ಕೈಯಲ್ಲಿ ತಕ್ಕಡಿಯನ್ನೂ ಇನ್ನೊಂದು ಕೈಯಲ್ಲಿ ಮೈದಾನದ ಪರೀಕ್ಷೆಯನ್ನೂ ಹಿಡಿದಿದ್ದಾರೆ. ಎರಡೂ ಒಂದೇ ಮಾತು ಹೇಳಿದರೆ ತೊಂದರೆಯಿಲ್ಲ. ಆದರೆ ಮೈದಾನದಲ್ಲಿ ಎಲ್ಲರಿಗಿಂತ ಮುಂದೆ ನಿಂತವನು ತಕ್ಕಡಿಯಲ್ಲಿ ಹೆಚ್ಚು ತೂಗಿದರೆ ಏನು ಮಾಡಬೇಕು? ತೂಕ ಸರಿಯಾಗಿರುವವನು ಒಂದು ಮೈಲಿ ಓಡಲಾರದೆ ಕುಳಿತುಬಿಟ್ಟರೆ ಏನು ಹೇಳಬೇಕು? ಅಮೆರಿಕ ದೇಶದ ಸೇನೆಗಳಲ್ಲಿ ಈ ಪ್ರಶ್ನೆ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಸೇನಾ ಭರ್ತಿಗೆ ತಯಾರಾಗುತ್ತಿರುವ ಮಕ್ಕಳು ನಮ್ಮ ಹಳ್ಳಿಗಳಲ್ಲಿಯೂ ಬಹಳ ಮಂದಿ ಇದ್ದಾರೆ. ಆದ್ದರಿಂದ ಆ ಚರ್ಚೆಯ ಸಾರವನ್ನು ತಿಳಿದುಕೊಂಡರೆ ನಮಗೂ ಪ್ರಯೋಜನವುಂಟು.

ತೂಕದ ನಿಯಮ ಏಕೆ ಬಂತು?

ಸೈನ್ಯಕ್ಕೆ ಒಂದೇ ದಿನದಲ್ಲಿ ಸಾವಿರಾರು ಜನ ಬಂದು ನಿಂತಾಗ ಒಬ್ಬೊಬ್ಬರನ್ನೂ ಕೂಲಂಕಷವಾಗಿ ನೋಡಲು ಆಗುವುದಿಲ್ಲ. ಒಂದು ಜರಡಿ ಬೇಕು. ಎತ್ತರ ಮತ್ತು ತೂಕ ಅಂಥ ಜರಡಿ. ಅಳತೆಯ ಕೋಲು ಒಂದು, ತೂಕದ ಯಂತ್ರ ಒಂದು ಇದ್ದರೆ ಅರ್ಧ ನಿಮಿಷದಲ್ಲಿ ಒಬ್ಬನ ಲೆಕ್ಕ ಮುಗಿಯುತ್ತದೆ. ಖರ್ಚಿಲ್ಲ, ವಾದವಿಲ್ಲ, ಶಿಫಾರಸು ನಡೆಯುವುದಿಲ್ಲ.

ಹಿಂದೆ ಈ ನಿಯಮದ ಮುಖ್ಯ ಉದ್ದೇಶ ದಪ್ಪ ಜನರನ್ನು ಬಿಡುವುದಾಗಿರಲಿಲ್ಲ. ಹೊಟ್ಟೆಗಿಲ್ಲದೆ ಸೊರಗಿದವರನ್ನೂ ಕ್ಷಯದಂಥ ರೋಗ ಹಿಡಿದವರನ್ನೂ ಬೇರ್ಪಡಿಸುವುದಕ್ಕಾಗಿಯೇ ತೂಕ ನೋಡುತ್ತಿದ್ದರು. ಅಮೆರಿಕದಲ್ಲಿ ಅನ್ನ ಹೆಚ್ಚಾಗಿ ಮೈಗೆಲಸ ಕಡಮೆಯಾದ ಮೇಲೆ ಜರಡಿಯ ಇನ್ನೊಂದು ಮಗ್ಗುಲು ಮುಖ್ಯವಾಯಿತು. ಇಷ್ಟಕ್ಕಿಂತ ಕಡಮೆ ಇರಕೂಡದು ಎಂಬ ನಿಯಮದ ಜೊತೆಗೆ ಇಷ್ಟಕ್ಕಿಂತ ಹೆಚ್ಚು ಇರಕೂಡದು ಎಂಬ ನಿಯಮಕ್ಕೂ ಬಲ ಬಂತು.

ಎತ್ತರಕ್ಕೆ ತಕ್ಕ ತೂಕ ಎಂದರೆ ಏನು? ಬೆಲ್ಜಿಯಂ ದೇಶದ ಕೆಟಲೆ ಎಂಬ ಗಣಿತಜ್ಞ 1830ರ ದಶಕದಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಬೇಕು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟರು. ಈಗ ಆಸ್ಪತ್ರೆಗಳಲ್ಲಿ ಬಿ.ಎಂ.ಐ. ಎಂದು ಹೇಳುವುದು ಇದನ್ನೇ.

ಒಂದು ಉದಾಹರಣೆ ನೋಡೋಣ. 170 ಸೆಂಟಿಮೀಟರ್ ಎತ್ತರದ ಇಬ್ಬರು ಯುವಕರಿದ್ದಾರೆಂದು ಎಣಿಸಿಕೊಳ್ಳಿ. ಒಬ್ಬ ಗರಡಿ ಮನೆಯಲ್ಲಿ ಸಾಮು ಮಾಡಿದವನು, 78 ಕಿಲೋ. ಇನ್ನೊಬ್ಬ ಕುಳಿತ ಕಡೆಯಿಂದ ಏಳದವನು, ತೆಳ್ಳಗಿನ ಕೈಕಾಲು, ಸ್ವಲ್ಪ ಹೊಟ್ಟೆ, 62 ಕಿಲೋ. ಲೆಕ್ಕ ಹಾಕಿದರೆ ಪೈಲವಾನನ ಅಂಕ 27, ಎರಡನೆಯವನದು ಇಪ್ಪತ್ತೊಂದೂವರೆ. ಕಾಗದದ ಪ್ರಕಾರ ಮೊದಲನೆಯವನು ಅಧಿಕ ತೂಕದವನು, ಎರಡನೆಯವನು ಸರಿಯಾದವನು. ಇಬ್ಬರನ್ನೂ ಭತ್ತದ ಮೂಟೆಯ ಮುಂದೆ ನಿಲ್ಲಿಸಿ ನೋಡಿ. ಕಾಗದ ಎಲ್ಲಿ ಎಡವಿತು ಎಂಬುದು ತಾನಾಗಿ ತಿಳಿಯುತ್ತದೆ.

ಮನುಷ್ಯನನ್ನು ನೀರಿನಲ್ಲಿ ತೂಗಿದ ವೈದ್ಯ

ಈ ಎಡವಟ್ಟನ್ನು ಪ್ರಯೋಗ ಮಾಡಿ ತೋರಿಸಿದವರು ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕಿ. ಅವರ ವಿಧಾನ ನಮ್ಮ ರೈತರಿಗೆ ಹೊಸದಲ್ಲ. ಬಿತ್ತನೆಯ ಭತ್ತವನ್ನು ಆರಿಸುವಾಗ ನಾವು ಉಪ್ಪುನೀರು ಮಾಡಿ ಅದರಲ್ಲಿ ಕಾಳು ಹಾಕುತ್ತೇವೆ. ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ಒಂದು ಸೇರು ಜೊಳ್ಳಿಗೂ ಒಂದು ಸೇರು ಗಟ್ಟಿ ಕಾಳಿಗೂ ಇರುವ ಭೇದವನ್ನು ನೀರು ಹೇಳಿಬಿಡುತ್ತದೆ.

ಮನುಷ್ಯನ ಮೈಯಲ್ಲಿಯೂ ಹೀಗೆಯೇ. ಕೊಬ್ಬು ನೀರಿಗಿಂತ ಹಗುರ. ಎಣ್ಣೆ ನೀರಿನ ಮೇಲೆ ತೇಲುವುದನ್ನು ನೋಡಿದ್ದೀರಿ. ಮಾಂಸಖಂಡ ಮತ್ತು ಮೂಳೆ ನೀರಿಗಿಂತ ಭಾರ. ಒಬ್ಬನನ್ನು ಮೊದಲು ನೆಲದ ಮೇಲೆ ತೂಗಿ, ಆಮೇಲೆ ಉಸಿರು ಬಿಡಿಸಿ ನೀರಿನೊಳಗೆ ಮುಳುಗಿಸಿ ತೂಗಿದರೆ, ಅವನ ತೂಕದಲ್ಲಿ ಕೊಬ್ಬು ಎಷ್ಟು, ಕಸುವಿನ ಭಾಗ ಎಷ್ಟು ಎಂದು ಲೆಕ್ಕ ಹಾಕಬಹುದು.

1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಬೆಂಕಿ ಮತ್ತು ಅವರ ಸಹೋದ್ಯೋಗಿಗಳು ಇಂಥ ಅಳತೆಗಳ ಫಲವನ್ನು ಪ್ರಕಟಿಸಿದರು. ಅಮೆರಿಕದ ಫುಟ್‌ಬಾಲ್ ಆಟವನ್ನೇ ವೃತ್ತಿಯಾಗಿ ಆಡುತ್ತಿದ್ದ 25 ಮಂದಿಯನ್ನು ಅವರು ಪರೀಕ್ಷಿಸಿದ್ದರು. ಎತ್ತರ ತೂಕದ ಪಟ್ಟಿಯ ಪ್ರಕಾರ ಅವರಲ್ಲಿ 17 ಮಂದಿ ಅಧಿಕ ತೂಕದವರು, ಸೈನ್ಯಕ್ಕೆ ಅನರ್ಹರು. ನೀರಿನಲ್ಲಿ ತೂಗಿದಾಗ ಕಂಡದ್ದು ಬೇರೆ. ಅವರಲ್ಲಿ ಹೆಚ್ಚಿನವರ ಮೈಯಲ್ಲಿ ಕೊಬ್ಬು ಬಹಳ ಕಡಮೆಯಿತ್ತು. ಪಟ್ಟಿ ಯಾವುದನ್ನು ದೋಷವೆಂದು ಎಣಿಸಿತ್ತೋ ಅದು ಮಾಂಸಖಂಡದ ಭಾರವಾಗಿತ್ತು. ದೇಶದಲ್ಲಿಯೇ ಗಟ್ಟಿಮುಟ್ಟಾದ ಆಳುಗಳನ್ನು ಪಟ್ಟಿ ಜೊಳ್ಳಿನ ರಾಶಿಗೆ ಹಾಕಿತ್ತು.

ಟೇಪಿನ ಅಳತೆ

ಎಲ್ಲ ಸೈನಿಕರನ್ನೂ ತೊಟ್ಟಿಯಲ್ಲಿ ಮುಳುಗಿಸಿ ತೂಗುವುದು ಆಗದ ಮಾತು. 1980ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಸೇನೆಗಳ ದೇಹದಾರ್ಢ್ಯವನ್ನು ಪರಿಶೀಲಿಸಬೇಕೆಂದು ಹೇಳಿದರು. 1981ರಲ್ಲಿ ಹೊರಟ ಆದೇಶ ತೂಕಕ್ಕಿಂತ ಕೊಬ್ಬಿನ ಪ್ರಮಾಣಕ್ಕೆ ಪ್ರಾಧಾನ್ಯ ಕೊಟ್ಟಿತು. ನೌಕಾಪಡೆಯ ಸಂಶೋಧಕರು ದರ್ಜಿಯ ಟೇಪಿನಿಂದಲೇ ಕೊಬ್ಬನ್ನು ಅಂದಾಜು ಮಾಡುವ ಸೂತ್ರಗಳನ್ನು 1984ರಲ್ಲಿ ಸಿದ್ಧಪಡಿಸಿದರು. ಗಂಡಸರಿಗೆ ಕತ್ತಿನ ಸುತ್ತಳತೆ ಮತ್ತು ಹೊಟ್ಟೆಯ ಸುತ್ತಳತೆ. ಹೆಂಗಸರಿಗೆ ಇವುಗಳ ಜೊತೆಗೆ ಸೊಂಟದ ಕೆಳಗಿನ ಸುತ್ತಳತೆ. ಕತ್ತು ದಪ್ಪವಾಗಿದ್ದರೆ ಮಾಂಸಖಂಡ ಹೆಚ್ಚು, ಹೊಟ್ಟೆ ದಪ್ಪವಾಗಿದ್ದರೆ ಕೊಬ್ಬು ಹೆಚ್ಚು ಎಂಬುದು ಇದರ ಹಿಂದಿನ ವಿಚಾರ.

ಅಲ್ಲಿಂದ ಮುಂದೆ ಭೂಸೇನೆಯಲ್ಲಿ ಎರಡು ಹಂತದ ಪದ್ಧತಿ ಬೇರೂರಿತು. ಮೊದಲು ತೂಕ. ಎತ್ತರಕ್ಕೆ ಗೊತ್ತುಮಾಡಿದ ಮಿತಿಯೊಳಗೆ ಇದ್ದರೆ ಅಲ್ಲಿಗೆ ಮುಗಿಯಿತು. ಮಿತಿ ಮೀರಿದರೆ ಟೇಪು. ಟೇಪಿನ ಲೆಕ್ಕದಲ್ಲಿ 21ರಿಂದ 27 ವರ್ಷದ ಗಂಡಸಿಗೆ ಮೈತೂಕದಲ್ಲಿ ನೂರಕ್ಕೆ 22 ಭಾಗ ಕೊಬ್ಬು, ಅದೇ ವಯಸ್ಸಿನ ಹೆಂಗಸಿಗೆ ನೂರಕ್ಕೆ 32 ಭಾಗ ಎಂದು ಮಿತಿಯಿಟ್ಟಿದ್ದರು. ಹೆಣ್ಣಿನ ಮೈಯಲ್ಲಿ ಕೊಬ್ಬು ಸ್ವಭಾವದಿಂದಲೇ ಹೆಚ್ಚು, ಅದು ದೋಷವಲ್ಲ. ಮಿತಿ ಮೀರಿದವರಿಗೆ ಬಡ್ತಿ ತಡೆಯಾಗುತ್ತಿತ್ತು. ತಿಂಗಳಿಗೆ ಇಷ್ಟೆಂದು ತೂಕ ಇಳಿಸಬೇಕಾಗಿತ್ತು. ಇಳಿಸಲಾರದೆ ಹೋದರೆ ಕೊನೆಗೆ ಕೆಲಸವೇ ಹೋಗುವ ಸಂಭವವಿತ್ತು.

ಟೇಪು ತಕ್ಕಡಿಗಿಂತ ವಾಸಿ, ಆದರೆ ಅದೂ ಅಂದಾಜೇ. ಅದರ ಲೆಕ್ಕ ಒಬ್ಬೊಬ್ಬರಲ್ಲಿ ನೂರಕ್ಕೆ ಮೂರು ನಾಲ್ಕು ಭಾಗ ಆಚೀಚೆ ಆಗುವುದುಂಟು. ಟೇಪು ಬಿಗಿಯಾಗಿ ಹಿಡಿದರೆ ಒಂದು ಲೆಕ್ಕ, ಸಡಿಲ ಬಿಟ್ಟರೆ ಇನ್ನೊಂದು ಲೆಕ್ಕ. ಒಬ್ಬನ ಉದ್ಯೋಗ ಅರ್ಧ ಅಂಗುಲದ ಮೇಲೆ ನಿಲ್ಲುವಾಗ ಇದು ಸಣ್ಣ ವಿಷಯವಲ್ಲ. ಅಳತೆಯ ದಿನ ಹತ್ತಿರ ಬಂದಂತೆ ಕೆಲವರು ಊಟ ಬಿಟ್ಟರು, ನೀರು ಬಿಟ್ಟರು, ಬಿಸಿ ಕೋಣೆಯಲ್ಲಿ ಕುಳಿತು ಬೆವರು ಹರಿಸಿದರು, ಭೇದಿ ಮಾತ್ರೆ ನುಂಗಿದರು. ಹೀಗೆ ಮಾಡಿದಾಗ ಕೊಬ್ಬು ಹೋಗುವುದಿಲ್ಲ. ನೀರು ಹೋಗುತ್ತದೆ, ಅದರ ಜೊತೆಗೆ ತ್ರಾಣವೂ ಹೋಗುತ್ತದೆ. ಸೈನಿಕನನ್ನು ಗಟ್ಟಿ ಮಾಡಲು ತಂದ ನಿಯಮ ಅವನನ್ನು ನಿತ್ರಾಣ ಮಾಡುವ ದಾರಿಯನ್ನು ಹಿಡಿದಂತಾಯಿತು.

ಮೈದಾನದ ಪರೀಕ್ಷೆ ಏನು ಹೇಳುತ್ತದೆ?

ಎರಡನೆಯ ಅಳತೆ ಮೈದಾನದ್ದು. ಅಮೆರಿಕದ ಭೂಸೇನೆ 2022ರ ಅಕ್ಟೋಬರಿನಿಂದ ನಡೆಸಿದ ಪರೀಕ್ಷೆಯಲ್ಲಿ ಆರು ಭಾಗಗಳಿದ್ದವು. ಭಾರವಾದ ಕಬ್ಬಿಣವನ್ನು ನೆಲದಿಂದ ಮೂರು ಸಲ ಎತ್ತುವುದು. ಭಾರದ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು. ನೆಲಕ್ಕೆ ಎದೆ ಮುಟ್ಟಿಸಿ ಕೈ ಬಿಡಿಸಿ ದಂಡ ಹೊಡೆಯುವುದು. ಓಡುವುದು, ಸುಮಾರು 40 ಕಿಲೋ ಬಂಡಿಯನ್ನು ಎಳೆಯುವುದು, ಎರಡು ಕೈಗಳಲ್ಲಿ ತಲಾ 18 ಕಿಲೋ ಭಾರ ಹಿಡಿದು ಓಡುವುದು, ಇವೆಲ್ಲ ಸೇರಿದ ಒಂದು ಓಟ. ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು. ಕೊನೆಗೆ ಎರಡು ಮೈಲಿ ಓಟ. ಭಾಗಕ್ಕೆ 100ರಂತೆ ಒಟ್ಟು 600 ಅಂಕ. 2025ರ ಜೂನ್ 1ರಿಂದ ಚೆಂಡೆಸೆತವನ್ನು ಬಿಟ್ಟು ಐದು ಭಾಗಗಳ, 500 ಅಂಕಗಳ ಪರೀಕ್ಷೆ ಮಾಡಿದರು.

ಇಷ್ಟು ಬಗೆ ಏಕೆ ಬೇಕು? ಓಟ ಒಂದೇ ಸಾಲದೇ? ಇದರಲ್ಲಿ ಒಂದು ಸೂಕ್ಷ್ಮವಿದೆ. ಓಡುವಾಗ, ದಂಡ ಹೊಡೆಯುವಾಗ, ತೊಲೆಗೆ ಜೋತು ಮೈ ಎತ್ತುವಾಗ ಮನುಷ್ಯ ಹೊರುವುದು ತನ್ನ ಮೈಭಾರವನ್ನು ಮಾತ್ರ. ಅಲ್ಲಿ ಹಗುರ ಮೈಯವನಿಗೆ ಅನುಕೂಲ. ಆದರೆ ಯುದ್ಧದಲ್ಲಿ ಬರಿ ಮೈಯಲ್ಲಿ ಓಡುವವರು ಯಾರು? ಬಂದೂಕು, ಮದ್ದುಗುಂಡು, ನೀರು, ಹೊದಿಕೆ ಎಲ್ಲವೂ ಬೆನ್ನ ಮೇಲಿರುತ್ತವೆ. 30 ಕಿಲೋ ಹೊರೆಯೆಂದರೆ 60 ಕಿಲೋ ತೂಗುವವನಿಗೆ ತನ್ನ ಮೈಯ ಅರ್ಧ ಭಾರ. 90 ಕಿಲೋ ತೂಗುವ ಗಟ್ಟಿಗನಿಗೆ ಮೂರನೆಯ ಒಂದು ಭಾಗ. ಬರಿಗಾಲಿನ ಓಟದಲ್ಲಿ ಹಿಂದೆ ಬಿದ್ದವನು ಹೊರೆ ಹೊತ್ತ ನಡಿಗೆಯಲ್ಲಿ ಮುಂದೆ ಬರುವುದುಂಟು. ಪಂದ್ಯದ ಗಾಡಿಗೆ ಒಂದು ಜೋಡಿ, ಕಬ್ಬಿನ ಗಾಡಿಗೆ ಇನ್ನೊಂದು ಜೋಡಿ ಎಂದು ನಾವು ಬೇರೆಬೇರೆ ಎತ್ತುಗಳನ್ನು ಹೂಡುವುದಿಲ್ಲವೇ? ಹಾಗೆಯೇ ಇದು.

1992ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಈ ವಿಷಯವನ್ನು ವಿಚಾರಣೆ ಮಾಡಿತು. ಕೊಬ್ಬು ಹೆಚ್ಚಾದಂತೆ ಓಟ ನಿಧಾನವಾಗುವುದು ನಿಜ. ಆದರೆ ಭಾರ ಎತ್ತುವುದಕ್ಕೂ ಹೊರುವುದಕ್ಕೂ ಮುಖ್ಯವಾದದ್ದು ಮೈಯಲ್ಲಿರುವ ಮಾಂಸಖಂಡದ ಮೊತ್ತ. ಕೊಬ್ಬಿನ ಶೇಕಡಾ ಲೆಕ್ಕದಿಂದ ಆ ಶಕ್ತಿಯನ್ನು ಅಳೆಯಲಾಗದು ಎಂಬುದು ಅವರು ಕಂಡ ಸಾರ. ತೂಕದ ಮಿತಿಯನ್ನು ತೀರ ಬಿಗಿ ಮಾಡಿದರೆ ಭಾರ ಹೊರುವ ಗಟ್ಟಿಗರೇ ಹೊರಗೆ ಉಳಿಯುವ ಅಪಾಯವಿದೆ.

ಮೈದಾನ ತಕ್ಕಡಿಯನ್ನು ಗೆದ್ದದ್ದು

ಕೊನೆಗೆ ಸೇನೆಗಳೇ ದಾರಿ ಸಡಿಲಿಸಿದವು. ಅಮೆರಿಕದ ಮೆರೀನ್ ಪಡೆ 2017ರಿಂದ ಒಂದು ನಿಯಮ ತಂದಿತು. ಅವರಲ್ಲಿ ವರ್ಷಕ್ಕೆ ಎರಡು ಬಗೆಯ ಪರೀಕ್ಷೆ, ಒಂದೊಂದಕ್ಕೆ 300 ಅಂಕ. ಎರಡರಲ್ಲಿಯೂ 285 ಅಥವಾ ಹೆಚ್ಚು ಅಂಕ ಪಡೆದವರಿಗೆ ತೂಕ ಮತ್ತು ಕೊಬ್ಬಿನ ಮಿತಿಯಿಂದ ವಿನಾಯಿತಿ ಕೊಟ್ಟರು. 2023ರಲ್ಲಿ ಭೂಸೇನೆಯೂ ಅದೇ ದಾರಿ ಹಿಡಿಯಿತು. 600ಕ್ಕೆ 540 ಅಂಕ, ಪ್ರತಿ ಭಾಗದಲ್ಲಿಯೂ ಕನಿಷ್ಠ 80 ಅಂಕ ಪಡೆದ ಸೈನಿಕನ ಹೊಟ್ಟೆಗೆ ಟೇಪು ಹಿಡಿಯುವುದಿಲ್ಲ ಎಂದು ಸಾರಿತು. ಪ್ರತಿ ಭಾಗಕ್ಕೂ 80 ಎಂದಿಟ್ಟದ್ದರಲ್ಲಿ ವಿವೇಕವಿದೆ. ಬರೀ ಭಾರ ಎತ್ತುವವನೂ ಬರೀ ಓಡುವವನೂ ಇಲ್ಲಿ ಪಾರಾಗಲಾರ. ಎತ್ತಬೇಕು, ಎಳೆಯಬೇಕು, ಓಡಬೇಕು.

ಅದೇ 2023ರಲ್ಲಿ ಭೂಸೇನೆ ಟೇಪಿನ ವಿಧಾನವನ್ನೂ ಸರಳ ಮಾಡಿತು. ಕತ್ತು, ಸೊಂಟಗಳನ್ನು ಬಿಟ್ಟು ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆಯೊಂದನ್ನೇ ತೆಗೆದು, ತೂಕದ ಜೊತೆ ಸೇರಿಸಿ ಲೆಕ್ಕ ಮಾಡುವ ಪದ್ಧತಿ ಬಂತು.

ಹಾಗಾದರೆ ತೂಕ ನೋಡುವುದೇ ಬೇಡವೇ?

ಹಾಗೆ ತೀರ್ಮಾನ ಮಾಡಿದರೆ ಇನ್ನೊಂದು ಕಡೆಗೆ ಜಾರಿದಂತೆ. ಮೈದಾನದ ಪರೀಕ್ಷೆ ಕೇಳುವ ಪ್ರಶ್ನೆ, ಈ ದಿನ ಈ ಮನುಷ್ಯ ಕೆಲಸ ಮಾಡಬಲ್ಲನೇ ಎಂದು. ತೂಕ ಮತ್ತು ಹೊಟ್ಟೆಯ ಅಳತೆ ಕೇಳುವ ಪ್ರಶ್ನೆ, ಇನ್ನು ಹದಿನೈದು ಇಪ್ಪತ್ತು ವರ್ಷ ಇವನು ಆರೋಗ್ಯವಾಗಿ ಇರುವನೇ ಎಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಒಂದಕ್ಕೆ ಬಂದ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದಾಗ ಮಾತ್ರ ತಪ್ಪಾಗುತ್ತದೆ.

ಹೊಟ್ಟೆಯ ಸುತ್ತ ಕೂಡುವ ಕೊಬ್ಬು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಬೇನೆಗಳಿಗೆ ದಾರಿ. ಈ ವಿಷಯದಲ್ಲಿ ನಮ್ಮ ದೇಶದವರು ಹೆಚ್ಚು ಎಚ್ಚರವಾಗಿರಬೇಕು. ಭಾರತೀಯರಲ್ಲಿ ತೂಕ ಸರಿಯಾಗಿದ್ದರೂ ಕೈಕಾಲಿನಲ್ಲಿ ಮಾಂಸಖಂಡ ಕಡಮೆ, ಹೊಟ್ಟೆಯಲ್ಲಿ ಕೊಬ್ಬು ಹೆಚ್ಚು ಇರುವುದು ಸಾಮಾನ್ಯ. ಆದ್ದರಿಂದ ನಮ್ಮವರಿಗೆ ಬಿ.ಎಂ.ಐ. 23 ದಾಟಿದರೆ ಎಚ್ಚರಿಕೆ ಎಂದು ವೈದ್ಯರು ಹೇಳುತ್ತಾರೆ. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಟ್ರ್ಯಾಕ್ಟರು, ಮೋಟಾರು ಸೈಕಲ್ಲು ಬಂದ ಮೇಲೆ ಹಳ್ಳಿಯಲ್ಲಿಯೂ ನಡಿಗೆ ಕಡಮೆಯಾಗಿದೆ. ಈ ಅಳತೆ ಭರ್ತಿಗೆ ಹೋಗುವ ಮಗನಿಗೆ ಮಾತ್ರವಲ್ಲ, ಅವನನ್ನು ಕಳುಹಿಸುವ ತಂದೆಗೂ ಬೇಕು.

ಮತ್ತೊಂದು ಮಾತು. ತೂಕ ಕಡಮೆಯಿದ್ದರೆ ಒಳ್ಳೆಯದು ಎಂಬುದೂ ನಿಜವಲ್ಲ. ಅಮೆರಿಕದ ಭೂಸೇನೆಗೆ ಹೊಸದಾಗಿ ಸೇರಿದವರನ್ನು ಪರೀಕ್ಷಿಸಿದಾಗ, ತರಬೇತಿಯಲ್ಲಿ ಕಾಲುನೋವು, ಮೂಳೆ ಬಿರುಕು ಮೊದಲಾದ ಪೆಟ್ಟುಗಳು ಓಟದಲ್ಲಿ ನಿಧಾನವಾದವರಿಗೆ ಹೆಚ್ಚಾಗಿ ಆದುವೆಂದು ತಿಳಿದುಬಂತು. ಅವರಲ್ಲಿಯೂ ತೀರ ಬಡಕಲು ಮೈಯಿದ್ದು ಓಟವೂ ನಿಧಾನವಾಗಿದ್ದವರ ಪಾಡು ಬಹಳ ಕಷ್ಟದ್ದಾಗಿತ್ತು. ಮೈಯಲ್ಲಿ ಮಾಂಸಖಂಡವಿಲ್ಲದವನ ಮೂಳೆಗೆ ಆಸರೆ ಕಡಮೆ.

ನಮ್ಮ ಭರ್ತಿ ಮೈದಾನದಲ್ಲಿ

ಈಗ ನಮ್ಮ ಊರಿನ ಮಾತಿಗೆ ಬರೋಣ. 2022ರಲ್ಲಿ ಅಗ್ನಿಪಥ ಯೋಜನೆ ಬಂತು. 2023ರಿಂದ ಮೊದಲು ಕಂಪ್ಯೂಟರಿನಲ್ಲಿ ಲಿಖಿತ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮೈದಾನದ ರ‍್ಯಾಲಿ, ಕೊನೆಗೆ ವೈದ್ಯಕೀಯ ಪರೀಕ್ಷೆ ಎಂಬ ಕ್ರಮ ಬಂದಿದೆ. ಮೈದಾನದಲ್ಲಿ ಪುರುಷರು 1.6 ಕಿಲೋಮೀಟರ್ ಓಡಬೇಕು. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ಣ 60 ಅಂಕ. ತೊಲೆಗೆ ಜೋತು 10 ಸಲ ಮೈ ಎತ್ತಿದರೆ 40 ಅಂಕ. 9 ಅಡಿ ಕಂದಕ ಹಾರುವುದು, ಅಂಕುಡೊಂಕು ತೊಲೆಯ ಮೇಲೆ ಸಮತೋಲ ತಪ್ಪದೆ ನಡೆಯುವುದು, ಇವುಗಳಿಗೆ ಅಂಕವಿಲ್ಲ, ಆದರೆ ತೇರ್ಗಡೆಯಾಗಲೇಬೇಕು. ತೂಕ ಎತ್ತರಕ್ಕೂ ವಯಸ್ಸಿಗೂ ತಕ್ಕಷ್ಟಿರಬೇಕು.

ಹೆಣ್ಣುಮಕ್ಕಳಿಗೂ ಈಗ ಬಾಗಿಲು ತೆರೆದಿದೆ. ಸೇನಾ ಪೊಲೀಸ್ ದಳದ ಮೊದಲ ಮಹಿಳಾ ತಂಡದ 83 ಮಂದಿ ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಬೆಂಗಳೂರಿನಲ್ಲಿಯೇ, 2021ರ ಮೇ ತಿಂಗಳಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿಯಿದೆ. ಅಮೆರಿಕದಲ್ಲಿ ವಿನಾಯಿತಿ ಕೊಟ್ಟದ್ದು ಈಗಾಗಲೇ ಸೇವೆಯಲ್ಲಿದ್ದ ಸೈನಿಕರಿಗೆ. ಭರ್ತಿಗೆ ನಿಂತ ನಮ್ಮ ಯುವಕನು ಓಟದಲ್ಲಿ ಪೂರ್ಣ ಅಂಕ ಬಂದಿದೆ, ತೂಕ ಯಾಕೆ ನೋಡುತ್ತೀರಿ ಎಂದು ವಾದಿಸುವಂತಿಲ್ಲ. ಅವನು ಎರಡು ಬಾಗಿಲನ್ನೂ ದಾಟಬೇಕು. ಆದ್ದರಿಂದ ಎರಡಕ್ಕೂ ಒಟ್ಟಿಗೆ ತಯಾರಾಗುವ ದಾರಿ ಯಾವುದು ಎಂಬುದೇ ಅವನ ಪ್ರಶ್ನೆ.

"ನಮ್ಮ ಹುಡುಗ ದಿನವೆಲ್ಲಾ ಹೊಲದಲ್ಲಿ ದುಡಿಯುತ್ತಾನೆ ಸ್ವಾಮಿ, ಅವನಿಗೆ ಬೇರೆ ಕಸರತ್ತು ಯಾಕೆ?" ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಗುದ್ದಲಿ ಹಿಡಿದ ಕೈಗೂ ಮೂಟೆ ಹೊತ್ತ ಬೆನ್ನಿಗೂ ಕಸುವಿದೆ. ಆದರೆ ಐದೂವರೆ ನಿಮಿಷದ ಓಟಕ್ಕೆ ಬೇಕಾದದ್ದು ಉಸಿರಿನ ಪಳಗಿಕೆ. ಅದು ಓಡಿಯೇ ಬರಬೇಕು. ಉಳುವ ಎತ್ತನ್ನು ಏಕಾಏಕಿ ಪಂದ್ಯಕ್ಕೆ ಹೂಡಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು.

ತಯಾರಿ ಹೀಗೆ ನಡೆಯಲಿ

1. ಪರೀಕ್ಷೆಗೆ ಕನಿಷ್ಠ ನಾಲ್ಕು ತಿಂಗಳು ಮೊದಲೇ ಆರಂಭಿಸಬೇಕು. ಮೊದಲ ತಿಂಗಳು ವೇಗ ಬೇಡ. ವಾರಕ್ಕೆ ನಾಲ್ಕು ದಿನ ನಿಧಾನವಾಗಿ, ಮಾತಾಡುತ್ತ ಓಡುವಷ್ಟು ಸಾಕು. ದೂರವನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕು.

2. ಆಮೇಲೆ ವೇಗದ ಅಭ್ಯಾಸ. 1.6 ಕಿಲೋಮೀಟರನ್ನು 400 ಮೀಟರಿನ ನಾಲ್ಕು ಪಾಲು ಮಾಡಿಕೊಳ್ಳಿ. ಐದೂವರೆ ನಿಮಿಷದಲ್ಲಿ ಮುಗಿಸಬೇಕಾದರೆ ಪಾಲಿಗೆ 82 ಸೆಕೆಂಡು ಬರುತ್ತದೆ. ಒಂದು ಪಾಲು ಓಡಿ, ಎರಡು ಮೂರು ನಿಮಿಷ ನಡೆದು, ಮತ್ತೆ ಓಡುವುದು. ವಾರಕ್ಕೆ ಎರಡು ದಿನ ಸಾಕು. ಮೊದಲ ಪಾಲನ್ನೇ ಬಾಣದಂತೆ ಓಡಿ ಮೂರನೆಯದರಲ್ಲಿ ಏದುಸಿರು ಬಿಡುವುದು ಹೊಸಬರೆಲ್ಲರ ತಪ್ಪು.

3. ತೊಲೆಗೆ ಜೋತು ಮೈ ಎತ್ತುವುದನ್ನು ದಿನ ಬಿಟ್ಟು ದಿನ ಮಾಡಬೇಕು. ಮೊದಲು ಒಂದೂ ಬಾರದಿದ್ದರೆ, ಗೆಳೆಯನ ಕೈಯಿಂದ ಮೇಲೆ ಎತ್ತಿಸಿಕೊಂಡು ನಿಧಾನವಾಗಿ ಕೆಳಗೆ ಇಳಿಯುವ ಅಭ್ಯಾಸ ಮಾಡಲಿ. ಕೆಲವು ವಾರಗಳಲ್ಲಿ ಕೈ ಕೂಡಿಬರುತ್ತದೆ.

4. ತೂಕ ಹೆಚ್ಚಿದ್ದರೆ ತಿಂಗಳಿಗೆ ಒಂದೂವರೆ ಎರಡು ಕಿಲೋ ಇಳಿಸುವ ಗುರಿ ಇರಲಿ. ಊಟ ಬಿಡುವುದು ಬೇಡ. ಸಕ್ಕರೆ, ಬೇಕರಿ ತಿಂಡಿ, ಕರಿದದ್ದು, ಅನ್ನದ ಎರಡನೆಯ ಬಡಿಸುವಿಕೆ ಇವು ಕಡಮೆಯಾಗಲಿ. ಕಾಳು, ಸೊಪ್ಪು, ಮಜ್ಜಿಗೆ ಉಳಿಯಲಿ.

5. ತೂಕ ಕಡಮೆಯಿದ್ದರೆ ಹೊಟ್ಟೆ ತುಂಬಿಸುವುದೊಂದೇ ಸಾಲದು; ಮಾಂಸಖಂಡ ಬೆಳೆಯಬೇಕು. ರಾಗಿ ಮುದ್ದೆ, ಹುರುಳಿ, ಅವರೆ, ಕಡಲೆ, ನೆಲಗಡಲೆ, ಹಾಲು, ತಿನ್ನುವವರಿಗೆ ಮೊಟ್ಟೆ, ಮೀನು ಇವುಗಳ ಜೊತೆಗೆ ದಂಡ, ಬಸ್ಕಿ ನಡೆಯಬೇಕು. ಪೇಟೆಯ ಡಬ್ಬಿ ಪುಡಿಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ಶಕ್ತಿ ಬರುತ್ತದೆಂದು ಯಾರಾದರೂ ಚುಚ್ಚುಮದ್ದು, ಮಾತ್ರೆ ಕೊಟ್ಟರೆ ಮುಟ್ಟಕೂಡದು.

6. ತೂಕದ ದಿನಕ್ಕಾಗಿ ನೀರು ಬಿಡುವುದು ಎಲ್ಲಕ್ಕಿಂತ ಅಪಾಯದ ಕೆಲಸ. 60 ಕಿಲೋ ಮೈಯಿಂದ ಸುಮಾರು ಒಂದು ಕಾಲು ಕಿಲೋ ನೀರು ಹೋದರೂ ಓಟದ ತಾಳಿಕೆ ಕುಗ್ಗುತ್ತದೆ. ಬಿಸಿಲಿನಲ್ಲಿ ಹಾಗೆ ಓಡಿದರೆ ಪ್ರಾಣಕ್ಕೇ ಸಂಚಕಾರ. ಓಡುವಾಗ ತಲೆ ಸುತ್ತಿದರೆ, ಮಾತು ತಡವರಿಸಿದರೆ, ಮೈ ಕೆಂಡದಂತೆ ಸುಟ್ಟರೆ ಕೂಡಲೇ ನಿಲ್ಲಿಸಿ, ನೆರಳಿಗೆ ಕರೆದೊಯ್ದು, ಮೈಮೇಲೆ ನೀರು ಸುರಿದು, ಆಸ್ಪತ್ರೆಗೆ ಸಾಗಿಸಬೇಕು. ಕಠಿಣ ಕಸರತ್ತಿನ ಮರುದಿನ ಮೂತ್ರ ಕಪ್ಪು ಚಹದ ಬಣ್ಣಕ್ಕೆ ತಿರುಗಿದರೂ ವೈದ್ಯರನ್ನು ಕಾಣುವುದಕ್ಕೆ ತಡಮಾಡಬಾರದು.

7. ಎತ್ತರ, ತೂಕ, ಎದೆಯ ಅಳತೆ, ಓಟದ ಕಾಲ ಇವುಗಳ ನಿಯಮಗಳನ್ನು ಆಯಾ ವರ್ಷದ ಭರ್ತಿ ಪ್ರಕಟಣೆಯಲ್ಲಿಯೇ ಓದಿಕೊಳ್ಳಬೇಕು. ಹೋದ ವರ್ಷ ಹೋಗಿ ಬಂದವರ ಬಾಯಿಮಾತು ಸಾಲದು. ಭರ್ತಿಗೆ ಮೂರು ತಿಂಗಳು ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೂಕ, ರಕ್ತ, ಕಣ್ಣು, ಹಲ್ಲು, ಕಿವಿ ತೋರಿಸಿಕೊಂಡರೆ ಸರಿಪಡಿಸಲು ಸಮಯ ಸಿಗುತ್ತದೆ.

ಕೊನೆಯ ಮಾತು

ಭರ್ತಿಯಲ್ಲಿ ತೂಕದ ಕಾರಣದಿಂದ ಹಿಂದಿರುಗಿದ ಮಗನನ್ನು ಕೈಲಾಗದವನೆಂದು ಮನೆಯಲ್ಲಿ ಜರೆಯುವುದುಂಟು. ಹಾಗೆ ಮಾಡಬೇಡಿರಿ. 1942ರ ಆ 17 ಮಂದಿಯನ್ನು ನೆನಪಿಡಿ. ಜರಡಿಯ ಕಣ್ಣು ಎಷ್ಟೇ ಚೆನ್ನಾಗಿರಲಿ, ಒಂದೆರಡು ಗಟ್ಟಿ ಕಾಳೂ ಜೊಳ್ಳಿನ ಜೊತೆ ಹೋಗುತ್ತವೆ. ಹಾಗೆಂದು ಜರಡಿಯನ್ನು ಬೈದು ಕುಳಿತರೂ ಪ್ರಯೋಜನವಿಲ್ಲ. ತೂಕ ಮೀರಿದ್ದರೆ ಇಳಿಸಬಹುದು, ಸಾಲದಿದ್ದರೆ ಏರಿಸಬಹುದು, ಉಸಿರನ್ನು ಪಳಗಿಸಬಹುದು. ಸಮಯ ಕೊಡಬೇಕು, ಅಷ್ಟೇ.

ನಮ್ಮ ಯುವಕ ಮಂಡಲಗಳು ಶಾಲೆಯ ಮೈದಾನದಲ್ಲಿ 400 ಮೀಟರಿನ ಗುರುತು ಹಾಕಿ, ಒಂದು ತೊಲೆ ನಿಲ್ಲಿಸಿ, 9 ಅಡಿ ಅಗಲದ ಒಂದು ಗುಂಡಿ ತೋಡಿ ಮರಳು ತುಂಬಿದರೆ ಖರ್ಚು ಅಲ್ಪ, ಉಪಯೋಗ ಬಹಳ. ಅಲ್ಲಿ ಬೆಳಗ್ಗೆ ಓಡುವ ಹುಡುಗರಲ್ಲಿ ಕೆಲವರು ಸೈನ್ಯ ಸೇರುತ್ತಾರೆ. ಉಳಿದವರು ಹೊಲಕ್ಕೆ ಮರಳುತ್ತಾರೆ, ಗಟ್ಟಿಯಾದ ಮೈಯೊಂದಿಗೆ.